ಹತ್ತಿಸುವ ಚಕ್ರ, ನಿಲ್ಲಿಸುವ ಟೈರು

ದಾವಣಗೆರೆಯ ಓದುಗರೊಬ್ಬರ ಮಗಳು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾಳಂತೆ. ಮನೆ ಹಂಚಿಕೊಂಡಿರುವ ನಾಲ್ವರು ಹುಡುಗಿಯರೂ ಸೇರಿ ಹಳೆಯದೊಂದು ಚಿಕ್ಕ ಕಾರು ಕೊಳ್ಳಲು ಹೊರಟಿದ್ದಾರೆ. ಚಳಿಗಾಲದ ಶನಿವಾರಗಳಂದು ಬೆಟ್ಟಕ್ಕೆ ಹೋಗಿ ಸ್ಕೀಯಿಂಗ್ ಕಲಿಯುವ ಆಸೆ. ‘ಆಲ್ ವ್ಹೀಲ್ ಡ್ರೈವ್ ಇರುವ ಕಾರನ್ನೇ ತಗೋತೀವಿ, ಆಗ ಹಿಮದಲ್ಲಿ ಏನೂ ಭಯ ಇಲ್ಲ ಅಪ್ಪಾಜಿ’ ಎಂದು ಮಗಳು ಫೋನಿನಲ್ಲಿ ಹೇಳಿದ್ದಾಳೆ. ‘ಇದು ನಿಜವೆ? ನಿಜವಾದರೆ ಓದಿನ ಸಾಲದ ಮೇಲೆ ಇನ್ನೊಂದಿಷ್ಟು ಸಾಲವಾದರೂ ಸರಿ, ಹಣ ಕಳಿಸುತ್ತೇನೆ’ ಎಂದು ತಂದೆ ಬರೆದಿದ್ದಾರೆ.

ಮಗಳು ಹೇಳಿದ್ದು ಅರ್ಧ ನಿಜ. ಉಳಿದರ್ಧ ನಿಜವಲ್ಲ, ಮತ್ತು ಜೀವಕ್ಕೆ ಸಂಬಂಧಪಟ್ಟದ್ದು ಆ ಉಳಿದರ್ಧವೇ. ಹಣ ಕಳಿಸುವ ಮೊದಲು ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೆ ಪಿಯುಸಿಯ ಭೌತಶಾಸ್ತ್ರಕ್ಕಿಂತ ಹೆಚ್ಚಿನ ಪಾಂಡಿತ್ಯವೇನೂ ಬೇಕಿಲ್ಲ.

ಮೊದಲು ಆ ಊರಿನ ಚಿತ್ರ ಸ್ವಲ್ಪ ಕಣ್ಣಮುಂದಿರಲಿ. ಸಾಲ್ಟ್ ಲೇಕ್ ಸಿಟಿ ಇರುವುದೇ ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದಲ್ಲಿ. ಊರಿನ ಪೂರ್ವದ ಅಂಚಿಗೆ ವಾಸಾಚ್ ಪರ್ವತಗಳು ಗೋಡೆಯಂತೆ ಎದ್ದಿವೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲಿಯೇ. 2034ರ ಕೂಟವನ್ನೂ ಯೂಟಾ ರಾಜ್ಯಕ್ಕೇ ಕೊಡಲಾಗಿದೆ. ಆ ಗೋಡೆಯಲ್ಲಿ ಲಿಟ್ಲ್ ಕಾಟನ್‌ವುಡ್ ಎಂಬ ಕಡಿದಾದ ಕಣಿವೆಯೊಂದಿದೆ. ಅದರ ಮೇಲ್ತುದಿಯಲ್ಲಿ ಸ್ನೋಬರ್ಡ್ ಮತ್ತು ಆಲ್ಟಾ ಎಂಬ ಎರಡು ಹೆಸರಾಂತ ಸ್ಕೀ ತಾಣಗಳು. ಆಲ್ಟಾದಲ್ಲಿ ವರ್ಷಕ್ಕೆ ಸರಾಸರಿ 500 ಇಂಚಿಗೂ ಹೆಚ್ಚು ಹಿಮ ಬೀಳುತ್ತದೆ, ಅಂದರೆ ಹನ್ನೆರಡು ಮೀಟರಿಗೂ ಮೇಲೆ. 2022–23ರ ಚಳಿಗಾಲದಲ್ಲಿ 903 ಇಂಚು ಬಿದ್ದು ದಾಖಲೆಯಾಯಿತು. (ನಮ್ಮ ಆಗುಂಬೆಯ ಒಂದು ವರ್ಷದ ಮಳೆಯನ್ನು ಹರಿಯಬಿಡದೆ ನಿಲ್ಲಿಸಿದರೆ ಏಳೆಂಟು ಮೀಟರ್ ನಿಂತೀತು. ಹಿಮ ಹಗುರ, ಹರಡಿಕೊಂಡು ಬೀಳುತ್ತದೆ. ಆದರೂ ಹೋಲಿಕೆಗೆ ಇರಲಿ.) ಕಣಿವೆಯ ಬಾಯಿಂದ ಆಲ್ಟಾಕ್ಕೆ ಎಂಟು ಮೈಲಿ ಆಸುಪಾಸು. ಆ ಎಂಟು ಮೈಲಿಯಲ್ಲಿ ರಸ್ತೆ ಮೂರು ಸಾವಿರ ಅಡಿಗೂ ಹೆಚ್ಚು ಏರುತ್ತದೆ. ನೂರು ಮೀಟರ್ ಮುಂದೆ ಹೋದರೆ ಸುಮಾರು ಎಂಟು ಮೀಟರ್ ಏರಿದ ಲೆಕ್ಕ. ಈ ಎಂಟು ಎಂಬ ಅಂಕಿಯನ್ನು ನೆನಪಿನಲ್ಲಿಡಿ.

ಕೊಡಚಾದ್ರಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಜೀಪಿನಲ್ಲಿ ಹೋದವರು ಚಾಲಕ ಒಂದು ಕಡೆ ಗಾಡಿ ನಿಧಾನ ಮಾಡಿ, ಗೇರಿನ ಪಕ್ಕದ ಇನ್ನೊಂದು ಚಿಕ್ಕ ಸನ್ನೆಯನ್ನು ಎಳೆಯುವುದನ್ನು ನೋಡಿರುತ್ತಾರೆ. ‘ಫೋರ್ ವ್ಹೀಲ್ ಹಾಕಿದೆ’ ಎನ್ನುತ್ತಾನೆ. ಅಲ್ಲಿಯವರೆಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತಿದ್ದ ಎಂಜಿನ್ನಿನ ಬಲ ಈಗ ನಾಲ್ಕಕ್ಕೂ ಹೋಗುತ್ತದೆ. ನಮ್ಮ ಸೈನ್ಯದಲ್ಲೂ ಕಾಫಿ ತೋಟಗಳಲ್ಲೂ ದುಡಿದ ಮಾರುತಿ ಜಿಪ್ಸಿಯದೂ ಇದೇ ಏರ್ಪಾಡು. ಕೆಸರಿಗೆ ಇದು ಸೊಗಸು. ಆದರೆ ಒಣ ಡಾಂಬರಿನ ಮೇಲೆ ಹೀಗೇ ಓಡಿಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳನ್ನು ಬಿಗಿಯಾಗಿ ಜೋಡಿಸಿಬಿಟ್ಟರೆ ಆ ವ್ಯತ್ಯಾಸಕ್ಕೆ ಜಾಗವಿಲ್ಲದೆ ಗೇರುಗಳು ತಿರುಚಿಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಚೂರು ಜಾರಿ ಸರಿಹೋಗುತ್ತದೆ, ಡಾಂಬರಿನ ಮೇಲೆ ಜಾರುವುದಿಲ್ಲ.

ಸ್ಕೀ ತಾಣದ ರಸ್ತೆಯ ಸ್ವಭಾವವೇ ಬೇರೆ. ಊರಿನಲ್ಲಿ ಒಣ ರಸ್ತೆ, ಕಣಿವೆಯ ಬಾಯಲ್ಲಿ ಒದ್ದೆ, ನೆರಳಿನ ತಿರುವಿನಲ್ಲಿ ಗಾಜಿನಂಥ ಮಂಜುಗಡ್ಡೆ, ಮೇಲೆ ಹೊಸ ಹಿಮ, ಎಲ್ಲವೂ ಅರ್ಧ ಗಂಟೆಯೊಳಗೆ. ಅಲ್ಲಿ ಸನ್ನೆ ಎಳೆಯುತ್ತ ಬಿಡುತ್ತ ಕೂರಲಾಗದು. ಅದಕ್ಕೇ ಚಾಲಕನ ನೆರವಿಲ್ಲದೆ ತಾನಾಗಿ ಕೆಲಸ ಮಾಡುವ ಏರ್ಪಾಡು ಬಂತು. ಆಲ್ ವ್ಹೀಲ್ ಡ್ರೈವ್ ಎಂದು ಈಗ ಕರೆಯುವುದು ಸಾಮಾನ್ಯವಾಗಿ ಅದನ್ನೇ. ಕೆಲವು ಕಾರುಗಳಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇದ್ದು ಬಲ ಸದಾ ನಾಲ್ಕಕ್ಕೂ ಹಂಚಿಹೋಗುತ್ತದೆ. ಇನ್ನು ಹಲವದರಲ್ಲಿ ಬಹುತೇಕ ಮುಂದಿನ ಚಕ್ರಗಳೇ ಎಳೆಯುತ್ತಿದ್ದು, ಅವು ಜಾರತೊಡಗಿದಾಗ ಕ್ಲಚ್ ಒಂದು ಕಚ್ಚಿಕೊಂಡು ಹಿಂದಿನವನ್ನೂ ಕೆಲಸಕ್ಕೆ ಹಚ್ಚುತ್ತದೆ. ವಿದ್ಯಾರ್ಥಿಯ ಶನಿವಾರದ ಪ್ರಯಾಣಕ್ಕೆ ಎರಡೂ ನಡೆಯುತ್ತವೆ. ಮಾರುವವರು ಈ ವ್ಯತ್ಯಾಸವನ್ನು ಗಂಟೆಗಟ್ಟಲೆ ಬಣ್ಣಿಸಿಯಾರು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ವ್ಯವಸ್ಥೆ ಸಣ್ಣ ಕಾರಿಗೆ ಇಳಿದು ಬಂದದ್ದರ ಹಿಂದೆ ಶ್ರೀಮಂತರ ಮೋಜಿಗಿಂತ ದುಡಿಯುವವರ ಅಗತ್ಯವಿತ್ತು ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಜಪಾನಿನ ಈಶಾನ್ಯ ಭಾಗದಲ್ಲಿ ತೊಹೊಕು ಎಂಬ ವಿದ್ಯುತ್ ಕಂಪನಿಯಿದೆ. ಹಿಮ ತುಂಬಿದ ಬೆಟ್ಟಗಳಲ್ಲಿ ತಂತಿ ದುರಸ್ತಿಗೆ ಹೋಗುವ ತನ್ನ ಸಿಬ್ಬಂದಿಗೆ ಜೀಪಿಗಿಂತ ಬೆಚ್ಚಗಿನ ಗಾಡಿ ಬೇಕೆಂದು ಅದು ಕೇಳಿತು. ಸುಬಾರು ಕಾರಿನವರು ಒಂದು ಸ್ಟೇಷನ್ ವ್ಯಾಗನ್ನಿಗೆ ಹಿಂದಿನ ಚಕ್ರಗಳ ಚಾಲನೆಯನ್ನೂ ಜೋಡಿಸಿಕೊಟ್ಟರು. 1972ರಲ್ಲಿ ಅದೇ ಬಗೆಯ ಲಿಯೋನ್ ವ್ಯಾಗನ್ ಮಾರುಕಟ್ಟೆಗೆ ಬಂತು. ಇಟಲಿಯ ಫಿಯಟ್ 1983ರಲ್ಲಿ ತನ್ನ ಪುಟಾಣಿ ಪಾಂಡಾ ಕಾರಿಗೆ ನಾಲ್ಕು ಚಕ್ರದ ಚಾಲನೆ ಕೊಟ್ಟಿತು. ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಅದಕ್ಕೆ ಈಗಲೂ ಅಭಿಮಾನಿಗಳಿದ್ದಾರೆ. ಕಾರು ಚಿಕ್ಕದು, ಹಗುರ, ಕಿರಿದಾದ ಟೈರು, ಬೇಡದ ಆಡಂಬರವಿಲ್ಲ. ಇನ್ನೊಂದು ಮಾತು ನಮ್ಮ ಓದುಗರಿಗೆ ಅಚ್ಚರಿ ತಂದೀತು: ನಮ್ಮ ಬೀದಿಬೀದಿಯಲ್ಲಿ ಕಾಣುವ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಎಂಬ ಹೆಸರುಗಳ ಕಾರುಗಳಿಗೆ ಜಪಾನಿನಲ್ಲಿ ನಾಲ್ಕೂ ಚಕ್ರ ಎಳೆಯುವ ಮಾದರಿಗಳಿವೆ. ಹಿಮ ಬೀಳುವ ಊರಿನ ಶಾಲಾ ಶಿಕ್ಷಕಿ ಅದರಲ್ಲೇ ಶಾಲೆಗೆ ಹೋಗಿಬಂದಾಳು.

ಈಗ ಮುಖ್ಯ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಪೆನ್ಸಿಲ್ ಕೈಗೆತ್ತಿಕೊಳ್ಳಲಿ.

ಕಾರಿನ ತೂಕ 1,400 ಕಿಲೋ ಎಂದಿಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಅದರಲ್ಲಿ ನೂರಕ್ಕೆ 60 ಭಾಗ, ಅಂದರೆ 840 ಕಿಲೋ, ಮುಂದಿನ ಚಕ್ರಗಳ ಮೇಲಿರುತ್ತದೆ. ಚಕ್ರ ನೆಲವನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳಬಲ್ಲದು ಎಂಬುದು ಅದರ ಮೇಲಿನ ಭಾರವನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದಷ್ಟು. ಒಣ ಡಾಂಬರಿನಲ್ಲಿ ಈ ಗುಣಾಂಕ ಸುಮಾರು 0.7, ತುಳಿದು ಗಟ್ಟಿಯಾದ ಹಿಮದಲ್ಲಿ 0.2ರ ಆಸುಪಾಸು, ನುಣ್ಣನೆಯ ಮಂಜುಗಡ್ಡೆಯಲ್ಲಿ 0.1 ಅಥವಾ ಅದಕ್ಕೂ ಕಡಿಮೆ. ನಮ್ಮ ಎಂಟರ ಏರಿನಲ್ಲಿ 1,400 ಕಿಲೋ ಕಾರನ್ನು ಮೇಲೇರಿಸಲು ಬೇಕಾದ ಬಲ ಅದರ ತೂಕದ ನೂರಕ್ಕೆ ಎಂಟು ಭಾಗ, 112 ಕಿಲೋ ಭಾರದಷ್ಟು.

ಮಂಜುಗಡ್ಡೆ ಕಟ್ಟಿದ ತಿರುವಿನಲ್ಲಿ ಮುಂದಿನ ಚಕ್ರಗಳು ಮಾತ್ರ ಎಳೆಯುವ ಕಾರಿಗೆ ಸಿಗುವುದು 840ರ ಹತ್ತನೇ ಒಂದು, 84 ಕಿಲೋ. ಬೇಕಾದ್ದು 112. ಚಕ್ರ ಗಿರ್ರನೆ ತಿರುಗುತ್ತದೆ, ಕಾರು ಕದಲದು. ನಾಲ್ಕೂ ಎಳೆಯುವ ಕಾರಿಗೆ ಇಡೀ ತೂಕ ನೆರವಿಗೆ ಬರುತ್ತದೆ: 140 ಕಿಲೋ. ಅದು ಹತ್ತಿಯೇ ಹತ್ತುತ್ತದೆ. ಮಗಳು ಹೇಳಿದ ಅರ್ಧ ನಿಜ ಇದೇ.

ಆದರೆ ಹತ್ತಿದ ಕಾರು ಸಂಜೆ ಇಳಿಯಬೇಕಲ್ಲ! ಇಳಿಯುವಾಗ ಎಂಜಿನ್ನಿನ ಬಲ ಎಷ್ಟು ಚಕ್ರಕ್ಕೆ ಹೋದರೇನು? ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಕಡಿಮೆ ಬೆಲೆಯ ಕಾರಿಗೂ ನಾಲ್ಕು, ದುಬಾರಿ ಕಾರಿಗೂ ನಾಲ್ಕು. ನಿಲ್ಲಿಸುವ ಕೆಲಸದಲ್ಲಿ ಆಲ್ ವ್ಹೀಲ್ ಡ್ರೈವ್ ಎಂಬುದಕ್ಕೆ ಪಾತ್ರವೇ ಇಲ್ಲ ಎಂದರೂ ನಡೆದೀತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಬ್ರೇಕು ಒತ್ತಿದ ಮೇಲೆ ಒಣ ಸಮತಟ್ಟು ರಸ್ತೆಯಲ್ಲಿ ಸುಮಾರು 14 ಮೀಟರಿನೊಳಗೆ ನಿಲ್ಲುತ್ತದೆ. ಗಟ್ಟಿ ಹಿಮದಲ್ಲಿ 49 ಮೀಟರ್ ಬೇಕು. ಈ ಲೆಕ್ಕದಲ್ಲಿ ಕಾರಿನ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಭಾರದ ಕಾರು ಬೇಗ ನಿಲ್ಲುತ್ತದೆಂಬ ನಂಬಿಕೆಗೂ ಆಧಾರವಿಲ್ಲ.

ಈಗ ಅದೇ ಮಂಜುಗಡ್ಡೆಯ ತಿರುವಿನಲ್ಲಿ, ಎಂಟರ ಇಳಿಜಾರಿನಲ್ಲಿ ಕೆಳಕ್ಕೆ ಬನ್ನಿ. ಹಿಡಿತ 0.1, ಅದರಲ್ಲಿ 0.08 ಭಾಗವನ್ನು ಇಳಿಜಾರೇ ತಿಂದುಬಿಡುತ್ತದೆ. ನಿಲ್ಲಿಸಲು ಉಳಿಯುವುದು 0.02. ವೇಗದ ವರ್ಗವನ್ನು ಎರಡು ಪಟ್ಟು ವೇಗೋತ್ಕರ್ಷದಿಂದ ಭಾಗಿಸಿ ನೋಡಿ. 490 ಮೀಟರ್ ಬರುತ್ತದೆ. ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್! ಅಷ್ಟರೊಳಗೆ ಎಷ್ಟು ತಿರುವು, ಎದುರಿಗೆ ಎಷ್ಟು ಕಾರು. ಎಷ್ಟೋ ಕಾರುಗಳು ಹತ್ತಲಾರದ ರಸ್ತೆಗೆ ಈ ಕಾರು ನಮ್ಮನ್ನು ಹತ್ತಿಸಿ, ನಿಲ್ಲಿಸುವ ಹೊತ್ತಿಗೆ ಮಾತ್ರ ಉಳಿದ ಕಾರುಗಳಷ್ಟೇ ಅಸಹಾಯಕವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ಕಾರಿನವಳಿಗೆ ಮನೆಮುಂದೆ ಹೊರಡುವಾಗಲೇ ಚಕ್ರ ಜಾರಿ ‘ಇವತ್ತು ರಸ್ತೆ ಸರಿಯಿಲ್ಲ’ ಎಂಬ ಎಚ್ಚರಿಕೆ ಸಿಗುತ್ತದೆ. ನಾಲ್ಕು ಚಕ್ರದ ಕಾರು ಸಲೀಸಾಗಿ ಹೊರಟುಬಿಡುವುದರಿಂದ ರಸ್ತೆ ಜಾರುತ್ತಿದೆ ಎಂಬ ಸುದ್ದಿಯೇ ಮುಟ್ಟುವುದಿಲ್ಲ. ಮುಟ್ಟುವುದು ಮೊದಲ ಬ್ರೇಕಿಗೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟುತ್ತದೆ. ಅದರ ಮೇಲೆ ನಡೆಯಲು ಕಲಿತವರು ಮೊದಲು ಕಲಿಯುವುದು ಓಡಬಾರದು ಎಂಬುದನ್ನು, ಏಕೆಂದರೆ ಅಲ್ಲಿ ಓಟ ಶುರು ಮಾಡುವುದು ಕಷ್ಟವಲ್ಲ.

ಹಾಗಾದರೆ ನಿಲ್ಲಿಸುವುದು ಯಾವುದು? ಟೈರು. ಅಂಗೈಯಗಲದ ನಾಲ್ಕು ಕಡೆ ರಬ್ಬರು ನೆಲ ಮುಟ್ಟಿರುತ್ತದೆ. ಇಡೀ ಕಾರಿನ ಹಣೆಬರಹ ಅಲ್ಲಿದೆ. ಸಾಮಾನ್ಯ ಟೈರಿನ ರಬ್ಬರು ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತಿದ್ದಂತೆ ಬಿರುಸಾಗತೊಡಗುತ್ತದೆ. ಹಿಮಕ್ಕೆಂದೇ ಮಾಡಿದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆದುವಾಗಿ ಉಳಿಯುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಒಂದೊಂದು ಸೀಳಿನ ಅಂಚೂ ಹಿಮವನ್ನು ಕಚ್ಚುತ್ತದೆ. ಅಗಲವಾದ ಕಚ್ಚುಗಳಲ್ಲಿ ಹಿಮ ತುಂಬಿಕೊಂಡು ನೆಲದ ಹಿಮಕ್ಕೇ ಅಂಟಿ ಹಿಡಿತ ಕೊಡುತ್ತದೆ. ಹಿಮವನ್ನು ಹಿಮವೇ ಚೆನ್ನಾಗಿ ಹಿಡಿಯುವುದು. ಚೆಂಡು ಮಾಡಿ ಎಸೆದಾಡುವ ಮಕ್ಕಳಿಗೆ ಇದು ಗೊತ್ತು.

ಒಳ್ಳೆಯ ಹಿಮದ ಟೈರಿನಿಂದ ಗಟ್ಟಿ ಹಿಮದ ಮೇಲಿನ ಗುಣಾಂಕ 0.2ರಿಂದ 0.3ಕ್ಕೆ ಏರಿತೆನ್ನಿ. ನೋಡಲು ಚಿಲ್ಲರೆ ಬದಲಾವಣೆ. ಎಂಟರ ಇಳಿಜಾರಿನಲ್ಲಿ ಅದೇ 50 ಕಿಲೋಮೀಟರ್ ವೇಗದಿಂದ ನಿಲ್ಲಲು 82 ಮೀಟರ್ ಬೇಕಾಗಿದ್ದದ್ದು 45 ಮೀಟರಿಗೆ ಇಳಿಯುತ್ತದೆ. ನಡುವಿನ 37 ಮೀಟರಿನಲ್ಲಿ ಒಂದು ಬಸ್ಸು ನಿಂತಿದ್ದರೆ? ಹತ್ತುವುದಕ್ಕೂ ಇದರ ಲಾಭವುಂಟು. ಮುಂದಿನ ಚಕ್ರ ಮಾತ್ರ ಎಳೆಯುವ ಕಾರಿಗೆ ಹಿಮದ ಟೈರು ಹಾಕಿದರೆ 840ರ 0.3, ಅಂದರೆ 252 ಕಿಲೋ ಎಳೆತ. ಸವೆದ ಟೈರಿನ ನಾಲ್ಕು ಚಕ್ರದ ಕಾರಿಗೆ 1,400ರ 0.2, ಅಂದರೆ 280. ಹತ್ತುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಿಲ್ಲುವುದರಲ್ಲಿ, ತಿರುಗುವುದರಲ್ಲಿ ಮೊದಲನೆಯದೇ ಬಹಳ ಮುಂದೆ.

ಜರ್ಮನಿಯ ಆಡಿ ಕಂಪನಿ 1986ರಲ್ಲಿ ಫಿನ್‌ಲೆಂಡಿನ ಕೈಪೊಲಾ ಎಂಬಲ್ಲಿ ಸ್ಕೀ ಜಿಗಿತದ ಕಡಿದಾದ ಇಳಿಜಾರನ್ನು ಕಾರು ಹತ್ತುವ ಜಾಹೀರಾತು ತೆಗೆದು ಜಗತ್ತನ್ನೇ ಬೆರಗುಗೊಳಿಸಿತು. 2005ರಲ್ಲಿ ಅದೇ ಸಾಹಸವನ್ನು ಹೊಸ ಕಾರಿನಲ್ಲಿ ಮತ್ತೆ ಮಾಡಿದರು. ಆ ಕಾರಿನ ಟೈರುಗಳಿಗೆ ಮೊಳೆ ಹೊಡೆದಿತ್ತು.

ಆದ್ದರಿಂದ ದಾವಣಗೆರೆಯ ತಂದೆಯವರಿಗೆ ನನ್ನ ಸಲಹೆ: ಹಣವನ್ನು ಮೊದಲು ಟೈರಿಗೆ ತೆಗೆದಿಡಿ, ಉಳಿದದ್ದರಲ್ಲಿ ಕಾರು. ಎರಡೂ ಸಾಧ್ಯವಾದರೆ ಎರಡೂ ಇರಲಿ, ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ಸಾಧ್ಯವೆಂದಾದರೆ ನಾಲ್ಕು ಹೊಸ ಹಿಮದ ಟೈರು ಹಾಕಿದ ಸಾಧಾರಣ ಕೊರೊಲ್ಲಾ ಕಾರೇ ವಾಸಿ. ಬೋಳು ಟೈರಿನ ಆಲ್ ವ್ಹೀಲ್ ಡ್ರೈವ್ ಬೇಡ. ಟೈರು ನಾಲ್ಕೂ ಹಾಕಿಸಬೇಕು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ಉಳಿತಾಯ ಮಾಡಿದರೆ ತಿರುವಿನಲ್ಲಿ ಮುಂಭಾಗ ಹಿಡಿದುಕೊಂಡು ಹಿಂಭಾಗ ಜಾರಿ ಕಾರು ಬುಗುರಿಯಾಗುತ್ತದೆ. ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದೆಯೇ ನೋಡಿ. ಬರಿಯ ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳು ಕೆಸರು ಮತ್ತು ಹಿಮ ಎಂದು ಹೇಳಿಕೊಳ್ಳುತ್ತವೆ, ಪರೀಕ್ಷೆ ಪಾಸಾದ ಗುರುತು ಬೆಟ್ಟದ ಚಿತ್ರವೇ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರಿಯ ಅಕ್ಷರಗಳ ಟೈರನ್ನು ಚಳಿಗಾಲದ ಟೈರೆಂದು ಕಾನೂನು ಒಪ್ಪುವುದೇ ಇಲ್ಲ; ಅಲ್ಲಿಗೆ ಓದಲು ಹೋದವರು ಗಮನಿಸಬೇಕು. ಇನ್ನು ಕಚ್ಚಿನ ಆಳ. ಸಾಧಾರಣ ಕಾನೂನಿಗೆ 1.6 ಮಿಲಿಮೀಟರ್ ಉಳಿದಿದ್ದರೆ ಸಾಕು. ಪಕ್ಕದ ಕೊಲರಾಡೊ ರಾಜ್ಯದಲ್ಲಿ ಸ್ಕೀ ತಾಣಗಳಿಗೆ ಹೋಗುವ ಹೆದ್ದಾರಿಯ ಪರ್ವತ ಭಾಗಕ್ಕೆ ಸೆಪ್ಟೆಂಬರ್‌ನಿಂದ ಮೇ ತನಕ ಇಂಚಿನ ಹದಿನಾರರಲ್ಲಿ ಮೂರು ಭಾಗ, ಅಂದರೆ ಸುಮಾರು 4.8 ಮಿಲಿಮೀಟರ್ ಬೇಕು, ಆಲ್ ವ್ಹೀಲ್ ಡ್ರೈವ್ ಕಾರಿಗೂ ಸೇರಿ. ಲಿಟ್ಲ್ ಕಾಟನ್‌ವುಡ್ ಕಣಿವೆಯ ಬಾಯಲ್ಲೂ ಹಿಮ ಬೀಳುವ ದಿನ ತಡೆದು ಟೈರು ನೋಡಿ ಬಿಡುವುದುಂಟು. ‘ನಮ್ಮದು ನಾಲ್ಕು ಚಕ್ರದ ಗಾಡಿ’ ಎಂದರೆ ಅಷ್ಟಕ್ಕೇ ಬಿಡುವುದಿಲ್ಲ.

ಹಿಮದ ಟೈರು ಬಂಡವಾಳವೇನೋ ಹೌದು, ಕೆಲವು ನೂರು ಡಾಲರ್. ಆದರೆ ಅದು ಓಡುವ ನಾಲ್ಕೈದು ತಿಂಗಳು ಬೇಸಿಗೆಯ ಟೈರು ಸವೆಯದೆ ಮೂಲೆಯಲ್ಲಿರುತ್ತದೆ. ಪ್ರತ್ಯೇಕ ಕಬ್ಬಿಣದ ರಿಮ್ಮಿಗೇ ಹಾಕಿಸಿಟ್ಟುಕೊಂಡರೆ ಪ್ರತಿವರ್ಷ ಬಿಚ್ಚಿ ಹಾಕುವ ಕೂಲಿ ಮಿಗುತ್ತದೆ.

ಕಾರು ಯಾವುದು? ಸುಬಾರು ಇಂಪ್ರೆಜಾ ಹ್ಯಾಚ್‌ಬ್ಯಾಕ್, ಅದನ್ನೇ ಎತ್ತರಿಸಿದ ಕ್ರಾಸ್‌ಟ್ರೆಕ್. ಅಮೆರಿಕದಲ್ಲಿ ಇವೆರಡಕ್ಕೂ ನಾಲ್ಕು ಚಕ್ರದ ಚಾಲನೆ ಕಡ್ಡಾಯವಾಗಿ ಬರುತ್ತದೆ. ಇಂಪ್ರೆಜಾದ ಹೊಟ್ಟೆ ನೆಲದಿಂದ ಐದು ಇಂಚು ಮೇಲಿದ್ದರೆ ಕ್ರಾಸ್‌ಟ್ರೆಕ್‌ನದು 8.7 ಇಂಚು, ನೇಗಿಲ ಗಾಡಿ ಬಂದು ಹಿಮ ತೆಗೆಯುವ ಮೊದಲೇ ಹೊರಡಬೇಕಾದವರಿಗೆ ಎತ್ತರದ್ದು ಬೇಕು, ಮಿಕ್ಕವರಿಗೆ ಇಂಪ್ರೆಜಾ ಸಾಕು, ಬೆಲೆಯೂ ಕಡಿಮೆ. ಹಿಂದಿನ ಸೀಟು ಮಡಿಸಿದರೆ ಇಬ್ಬರ ಸ್ಕೀ ಹಲಗೆ ಒಳಗೇ ಹಿಡಿಸುತ್ತವೆ. ಕಲಿಯುವವರು ಮೊದಲ ವರ್ಷ ಹಲಗೆಗಳನ್ನು ಬಾಡಿಗೆಗೇ ತೆಗೆದುಕೊಳ್ಳುವುದು ಜಾಣತನ, ಆ ಮಾತು ಬೇರೆ. ಸುಜುಕಿಯ ಎಸ್‌ಎಕ್ಸ್4 ಎಂಬುದನ್ನು ನಾವು ಮಾರುತಿ ಸೆಡಾನ್ ಆಗಿ ನೋಡಿದ್ದೇವೆ. ಅಮೆರಿಕದಲ್ಲಿ ಅದೇ ಹೆಸರಿನ ಹ್ಯಾಚ್‌ಬ್ಯಾಕ್ ನಾಲ್ಕು ಚಕ್ರದ್ದಾಗಿ, ಅಗ್ಗವಾಗಿ ಸಿಗುತ್ತಿತ್ತು. ಕಾರು ಒಳ್ಳೆಯದೇ. ಆದರೆ ಸುಜುಕಿ 2012ರಲ್ಲಿ ಆ ದೇಶದ ಕಾರು ವ್ಯಾಪಾರ ನಿಲ್ಲಿಸುವುದಾಗಿ ಸಾರಿದ್ದರಿಂದ ಬಿಡಿಭಾಗಕ್ಕಾಗಿ ಅಲೆಯುವ ತಾಪತ್ರಯವಿದೆ. ವಿದ್ಯಾರ್ಥಿಗೆ ಬೇಡ. ಹೊಸದಕ್ಕೆ ಹಣವಿದ್ದವರು 2019ರಿಂದ ಈಚಿನ ಮಜ್ಡಾ3 ಅಥವಾ ಟೊಯೊಟಾ ಪ್ರಿಯಸ್ ನೋಡಬಹುದು. ಎರಡರಲ್ಲೂ ನಾಲ್ಕು ಚಕ್ರದ ಮಾದರಿ ಉಂಟು, ಇಲ್ಲದ ಮಾದರಿಯೂ ಉಂಟು. ಹೋಂಡಾ ಎಚ್‌ಆರ್-ವಿಯ ಕಥೆಯೂ ಇದೇ. ಎತ್ತರವಾಗಿ, ಗಡಸಾಗಿ ಕಾಣುವುದೆಲ್ಲ ಆಲ್ ವ್ಹೀಲ್ ಡ್ರೈವ್ ಅಲ್ಲ: ಕಿಯಾ ಸೋಲ್ ನೋಡಲು ಬೆಟ್ಟ ಹತ್ತುವಂತಿದ್ದರೂ ಎಳೆಯುವುದು ಮುಂದಿನ ಎರಡೇ ಚಕ್ರ. ಹಿಂದಿನ ಚಕ್ರಗಳ ನಡುವೆ ಬಗ್ಗಿ ನೋಡಿ. ಅಲ್ಲಿ ಡಿಫರೆನ್ಷಿಯಲ್ಲಿನ ಗುಂಡು ಕಾಣದಿದ್ದರೆ ಮಾರುವವನ ಮಾತು ನಂಬಬೇಡಿ.

ಹಳೆಯ ಕಾರಿನ ವಿಷಯದಲ್ಲಿ ನಾನು ಬಿಟ್ಟುಕೊಡದ ಗೆರೆಯೊಂದಿದೆ: 2012ರ ಮಾದರಿ ಅಥವಾ ಅದಕ್ಕೆ ಈಚಿನದು. ಅಮೆರಿಕದಲ್ಲಿ ಆ ವರ್ಷದಿಂದ ಎಲ್ಲ ಕಾರಿಗೂ ಸ್ಥಿರತಾ ನಿಯಂತ್ರಣ ಕಡ್ಡಾಯವಾಯಿತು. ಕಾರು ಅಡ್ಡ ತಿರುಗತೊಡಗಿದರೆ ಒಂದೊಂದು ಚಕ್ರದ ಬ್ರೇಕನ್ನು ತಾನೇ ಒತ್ತಿ ನೇರ ಮಾಡಲು ನೋಡುವ ಏರ್ಪಾಡು ಇದು. ಮೊದಲ ಚಳಿಗಾಲದ ಚಾಲಕಿಗೆ ಇದು ತುಂಬಾ ದೊಡ್ಡ ಆಸರೆ. ಹಳೆಯ ಸುಬಾರುಗಳ 2.5 ಲೀಟರ್ ಎಂಜಿನ್ನಿಗೆ ಹೆಡ್ ಗ್ಯಾಸ್ಕೆಟ್ ಸೋರುವ ಅಪಖ್ಯಾತಿ ಇದ್ದದ್ದೂ ಈ ಗೆರೆಗೆ ಇನ್ನೊಂದು ಕಾರಣ. 2012ರ ಇಂಪ್ರೆಜಾಕ್ಕೆ ಬೇರೆ ಎಂಜಿನ್ ಬಂತು. ಹದಿನೇಳು ಅಕ್ಷರ–ಅಂಕಿಗಳ ವಾಹನ ಸಂಖ್ಯೆಯನ್ನು ಬರೆದುಕೊಂಡು ಸರಕಾರದ ರಸ್ತೆ ಸುರಕ್ಷತಾ ಇಲಾಖೆಯಲ್ಲಿ ನೋಡಿದರೆ ಬಾಕಿ ಉಳಿದ ದೋಷ ದುರಸ್ತಿಗಳು ಪುಕ್ಕಟೆಯಾಗಿ ತಿಳಿಯುತ್ತವೆ. ತಕಾತಾ ಕಂಪನಿಯ ಏರ್‌ಬ್ಯಾಗುಗಳು ಸಿಡಿದು ಚೂರು ಹಾರುವ ದೋಷಕ್ಕಾಗಿ ಕೋಟಿಗಟ್ಟಲೆ ಕಾರುಗಳನ್ನು ವಾಪಸು ಕರೆದದ್ದು ನೆನಪಿರಬಹುದು. ದಾಖಲೆಯಲ್ಲಿ ‘ಸಾಲ್ವೇಜ್’ ಎಂದಿದ್ದರೆ ಅದು ಅಪಘಾತ, ನೆರೆ ಇತ್ಯಾದಿಗಳಲ್ಲಿ ವಿಮೆಯವರು ಕೈಬಿಟ್ಟಿದ್ದ ಕಾರು. ಎಷ್ಟು ಅಗ್ಗವಾದರೂ ಬೇಡ. ರಸ್ತೆಗೆ ಉಪ್ಪು ಚೆಲ್ಲುವ ನಾಡಾದ್ದರಿಂದ ಕೆಳಗೆ ಮಲಗಿ ತುಕ್ಕು ನೋಡಬೇಕು. ಕೊನೆಗೆ ನಾಲ್ಕು ಟೈರೂ ಒಂದೇ ಬಗೆಯವೇ, ಒಂದೇ ಸಮ ಸವೆದಿವೆಯೇ ನೋಡಿ. ಆಲ್ ವ್ಹೀಲ್ ಡ್ರೈವ್‌ಗೆ ಇದು ಮುಖ್ಯ. ಒಂದು ಟೈರು ಮಾತ್ರ ಹೊಸದಾದರೆ ಅದರ ಸುತ್ತಳತೆ ಹೆಚ್ಚು, ಉಳಿದವುಗಳಿಗಿಂತ ನಿಧಾನ ತಿರುಗುತ್ತದೆ. ನಡುವಿನ ಕ್ಲಚ್ ಆ ವ್ಯತ್ಯಾಸವನ್ನು ದಿನವಿಡೀ ತಿಂದು ಸುಟ್ಟುಹೋಗುತ್ತದೆ. ಒಂದು ಟೈರು ಒಡೆದರೆ ನಾಲ್ಕನ್ನೂ ಬದಲಿಸಬೇಕಾಗಿ ಬರುವ ದಂಡ ಈ ಕಾರುಗಳಿಗೆ ಇದೆ. ಪೆಟ್ರೋಲನ್ನೂ ತುಸು ಹೆಚ್ಚು ಕುಡಿಯುತ್ತವೆ. ಹಣ ಕಳಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಇಷ್ಟೆಲ್ಲ ಹೇಳಿದ ಮೇಲೆ ಕಾರೇ ಬೇಕೆ ಎಂದು ಕೇಳಬಾರದೇನೋ. ಆದರೂ ಹೇಳುತ್ತೇನೆ: ಸಾಲ್ಟ್ ಲೇಕ್ ಸಿಟಿಯ ಸಾರಿಗೆ ಸಂಸ್ಥೆ ಚಳಿಗಾಲದಲ್ಲಿ ಆ ಕಣಿವೆಗಳಿಗೆ ಸ್ಕೀ ಬಸ್ಸು ಓಡಿಸುತ್ತದೆ. ಮೊದಲ ಚಳಿಗಾಲ ಬಸ್ಸಿನಲ್ಲಿ ಕುಳಿತು ರಸ್ತೆ ನೋಡುವುದು ಒಳ್ಳೆಯ ಪಾಠ. ಮನಾಲಿಗೆ ಹೋದ ನಮ್ಮವರಲ್ಲಿ ಹಲವರಿಗೆ ಹಿಮ ಬಿದ್ದ ದಿನ ಸ್ವಂತ ಕಾರನ್ನು ಕೆಳಗೇ ಬಿಟ್ಟು ಸ್ಥಳೀಯ ಫೋರ್ ಬೈ ಫೋರ್ ಜೀಪು ಹಿಡಿಯಬೇಕಾಗಿ ಬಂದದ್ದುಂಟು. ಆಗ ಗೊಣಗಿದವರೂ ಆ ಚಾಲಕನ ಕೈ ನೋಡಿ ಸುಮ್ಮನಾಗಿರುತ್ತಾರೆ.

ಓಡಿಸುವವರಿಗೆ ನಾಲ್ಕು ಮಾತು. ಹಿಮ ಬಿದ್ದ ಮೊದಲ ಭಾನುವಾರ ಖಾಲಿ ಪಾರ್ಕಿಂಗ್ ಮೈದಾನ ಹುಡುಕಿ, ನಿಧಾನ ವೇಗದಲ್ಲಿ ಜೋರಾಗಿ ಬ್ರೇಕು ಒತ್ತಿ ನೋಡಿ. ಪಾದದಡಿ ಪೆಡಲು ಗಡಗಡ ನಡುಗುತ್ತದೆ. ಅದು ಎಬಿಎಸ್ ಕೆಲಸ ಮಾಡುವ ರೀತಿ. ಹೆದರಿ ಕಾಲು ತೆಗೆಯಬಾರದು. ಇಳಿಜಾರಿನಲ್ಲಿ ಗೇರನ್ನು ಕೆಳಗಿಳಿಸಿ ಎಂಜಿನ್ನಿನಿಂದಲೇ ತಡೆಯಬೇಕು; ಇದನ್ನು ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸಿದವರಿಗೆ ಹೇಳಬೇಕಿಲ್ಲ. 40 ಮೀಟರ್ ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದರೆ ಗಟ್ಟಿ ಹಿಮದಲ್ಲಿ 32ಕ್ಕೇ ಜಾರುತ್ತದೆ. ಸೇತುವೆಗಳು ಕೆಳಗಿಂದಲೂ ಗಾಳಿ ತಾಗುವುದರಿಂದ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಕೊರೆಯುವ ಚಳಿಗಿಂತ ಸೊನ್ನೆ ಡಿಗ್ರಿಯ ಸುತ್ತಮುತ್ತಲಿನ ಹವೆಯೇ ಹೆಚ್ಚು ಜಾರಿಕೆ ಎಂಬುದು ಅನೇಕರಿಗೆ ತಿಳಿಯದು. ಆಗ ಮಂಜುಗಡ್ಡೆಯ ಮೇಲೆ ನೀರಿನ ಪದರವಿರುತ್ತದೆ.

ಹಿಮಕುಸಿತದ ಭಯವಿದ್ದಾಗ ಕಣಿವೆಯ ರಸ್ತೆಯನ್ನೇ ಮುಚ್ಚುತ್ತಾರೆ. ಆಲ್ಟಾದಲ್ಲಿ ಅಂಥ ಹೊತ್ತಿನಲ್ಲಿ ಕಟ್ಟಡದಿಂದ ಹೊರಗೆ ಬರುವುದೂ ನಿಷಿದ್ಧ. ಅದಕ್ಕೆ ‘ಇಂಟರ್‌ಲಾಡ್ಜ್’ ಎಂಬ ಹೆಸರೇ ಇದೆ. ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸದೆ ಹೋದವರು ಸೋಮವಾರದ ಪರೀಕ್ಷೆ ತಪ್ಪಿಸಿಕೊಂಡಾರು. ದಾರಿಯಲ್ಲೇ ಗಾಡಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬಾರದು. ಹೊದಿಕೆ, ನೀರು, ಟಾರ್ಚು, ತಿನ್ನಲು ಒಂದಿಷ್ಟು ಚಕ್ಕುಲಿ–ಕೋಡುಬಳೆ ಕಾರಿನಲ್ಲಿ ಸದಾ ಇರಲಿ. ಹೀಟರಿಗಾಗಿ ಎಂಜಿನ್ ಚಾಲೂ ಇಡುವ ಮೊದಲು ಇಳಿದುಹೋಗಿ ಹಿಂದಿನ ಹೊಗೆಕೊಳವೆಯ ಬಾಯಿಗೆ ಹಿಮ ಮೆತ್ತಿದೆಯೇ ನೋಡಬೇಕು. ಮೆತ್ತಿದ್ದರೆ ಹೊಗೆ ಒಳಗೇ ತುಂಬುತ್ತದೆ; ಅದರಲ್ಲಿನ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತಾಗಿ ಪ್ರಾಣ ಹೋಗುತ್ತದೆ. ನಾಲ್ವರು ಹುಡುಗಿಯರಲ್ಲಿ ಒಬ್ಬಳಾದರೂ ಎಚ್ಚರವಿದ್ದು, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಕಿಟಕಿಯನ್ನು ಬೆರಳಗಲ ಇಳಿಸಿಟ್ಟು, ಮತ್ತೆ ಶುರು ಮಾಡುವ ಮುಂಚೆ ಕೊಳವೆಯನ್ನು ಇನ್ನೊಮ್ಮೆ ಬಿಡಿಸಬೇಕು. ಅದಕ್ಕೊಂದು ಸಣ್ಣ ಸಲಿಕೆ ಬೇಕು. ಡಿಕ್ಕಿಯಲ್ಲಿ ಸ್ಕೀ ಹಲಗೆಗಳ ಅಡಿಯಲ್ಲಲ್ಲ, ಹಿಂದಿನ ಸೀಟಿನ ಕೆಳಗೆ, ಕೈಗೆ ಸಿಗುವಂತೆ.